ಇಕ್ಸೋರಾ ಬೇಲಿ ಹಳದಿ ಆಗೇತಿ, ದಾಸಾಳ ಎಲಿ ಉದುರಾಕತ್ತಾವು: ಎರಿ ಮಣ್ಣಿನ ಅಂಗಳಕ್ಕ ಏನಾಗೇತ್ರಿ?

ಜಲನಗರ ಅಂಗಳ, ವಿಜಯಪುರ · ಸೆಪ್ಟೆಂಬರ್ 12

ನಮಸ್ಕಾರ್ರಿ ಎಲ್ಲಾರಿಗೂ. ಮನಿ ಕಟ್ಟಿಸಿ ಎರಡು ವರ್ಷ ಆತು. ಕಂಪೌಂಡ್ ಗ್ವಾಡಿಗುಂಟ 14 ಇಕ್ಸೋರಾ ಹಚ್ಚೀನಿ, ಹಿತ್ತಲ ಮೂಲ್ಯಾಗ ಎರಡು ದಾಸಾಳ, ಗೇಟಿನ ಬಾಜೂಕ ಒಂದು ನಂದಿಬಟ್ಟಲ. ಹೋದ ವರ್ಷ ಎಲ್ಲಾ ಛಲೋನ ಇದ್ದುವು. ಈ ಸಲ ಆಗಸ್ಟ್‌ದಾಗ ಮಳಿ ಹಿಡದ ಮ್ಯಾಲೆ ಇಕ್ಸೋರಾ ಹಳದಿ ಆಗಾಕ ಶುರು ಮಾಡಿದುವು. ದಾಸಾಳ ಅಂತೂ ದಿನಾ ಮುಂಜಾನೆ ಕಸ ಹೊಡಿಯೋದ್ರಾಗ ಅರ್ಧ ಬುಟ್ಟಿ ಎಲಿ ಉದುರಿಸಿರತಾವು. ನಂದಿಬಟ್ಟಲದಾಗೂ ಅಲ್ಲೊಂದು ಇಲ್ಲೊಂದು ಹಳದಿ.

ಹಸಿವು ಆಗಿರಬೇಕು ಅಂತ ಮೊದಲ ಒಂದೊಂದು ಮುಷ್ಟಿ ಡಿಎಪಿ ಹಾಕಿದೆ. ವಾರ ಬಿಟ್ಟು ಯೂರಿಯಾ. ಬಾಜೂ ಮನಿಯವರು ಹೇಳಿದರು ಅಂತ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್). ದಾಸಾಳಕ್ಕ ಹಿಟ್ಟು ತಿಗಣಿ ಬಂದಿದ್ದಕ್ಕ ಒಲಿ ಬೂದಿ ಉಗ್ಗಿದೆ, ಉಳದದ್ದನ್ನ ಇಕ್ಸೋರಾದ ಬುಡಕ್ಕೂ ಹಾಕಿದೆ. ಒಂದೂ ನಾಟಲಿಲ್ಲ. ನೀರು ಬೋರಿಂದು.

ಆ ದಾಸಾಳ ನಮ್ಮ ಅವ್ವನ ಮನಿಯಿಂದ ತಂದ ಕಡ್ಡಿ. ಅವ್ವ ಈಗಿಲ್ಲ. ಬ್ಯಾರೆ ಏನು ಹ್ವಾದರೂ ಅವೆರಡು ಉಳೀಬೇಕ್ರಿ. ಮೂರೂ ಥರದ ಗಿಡಕ್ಕ ಒಂದ ರೋಗ ಬಂದಿರಬಹುದೇನು?

ಟಿಳಕವಾಡಿ ಟೆರೇಸ್, ಬೆಳಗಾವಿ · ಸೆಪ್ಟೆಂಬರ್ 12

ಅಕ್ಕಾ, ನಮ್ಮಲ್ಲಿ ಇಕ್ಸೋರಾ ಹತ್ತು ವರ್ಷದಿಂದ ಐತಿ, ಸಗಣಿ ಗೊಬ್ಬರ ಬಿಟ್ಟು ಬ್ಯಾರೆ ಏನೂ ಕೊಟ್ಟಿಲ್ಲ. ನೀವು ಔಷಧ ಜಾಸ್ತಿ ಹಾಕೀರಿ ಅನಸ್ತೈತಿ. ಎರಡು ಬುಟ್ಟಿ ಹಳೇ ಸಗಣಿ ಹಾಕಿ, ಚೆನ್ನಾಗಿ ನೀರು ಬಿಡ್ರಿ, ಒಂದು ತಿಂಗಳದಾಗ ಹಸಿರು ಆಗತಾವು.

ಮುಧೋಳ ಕಬ್ಬು · ಸೆಪ್ಟೆಂಬರ್ 12

ಇದು ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕೇಳೂ ಹಳದಿ. ನಮ್ಮ ಕಬ್ಬಿನಾಗ ಕೂಳಿಗೆ (ಕಡದ ಮ್ಯಾಲೆ ಮತ್ತ ಚಿಗತ ಬೆಳಿಗೆ) ಹಿಂಗ ಆಗತೈತಿ, ಸುಳಿ ಬೆಳ್ಳಗ ಬರತೈತಿ. ಅನ್ನಭೇದಿ ಸಿಂಪಡಿಸ್ರಿ.

ಮಣ್ಣಿನ ಮಾಸ್ತರ · ಸೆಪ್ಟೆಂಬರ್ 13

ತಂಗೆಮ್ಮಾ, ಹದಿನೈದು ದಿನ ಏನೂ ಹಾಕಬ್ಯಾಡ. ಡಿಎಪಿ ಬ್ಯಾಡ, ಉಪ್ಪು ಬ್ಯಾಡ, ಬೂದಿಯಂತೂ ಮುಟ್ಟಲೇ ಬ್ಯಾಡ. ನಾ ಮೂವತ್ತು ವರ್ಷ ಮಣ್ಣು ಪರೀಕ್ಷೆ ಪ್ರಯೋಗಾಲಯದಾಗ ಕೆಲಸ ಮಾಡಿದಾಂವ. ಅಲ್ಲಿಗೆ ಬಂದ ಅರ್ಧಕ್ಕರ್ಧ ಮಂದಿ ಮೊದಲ ಗೊಬ್ಬರ ಹಾಕಿ, ಆಮ್ಯಾಲೆ ಎಲಿ ನೋಡಿದವರ.

ಈಗ ಗಿಡದ ಮುಂದ ಕೂತು ನೋಡು. ಇಕ್ಸೋರಾದಾಗ ಹಳದಿ ಆಗಿರೂದು ತುದಿಯ ಹೊಸ ಎಲಿನೋ, ಬುಡದ ಹಳೇ ಎಲಿನೋ? ಎಲಿ ಪೂರಾ ಹಳದಿನೋ, ಇಲ್ಲಾ ನರ ಹಸಿರಾಗಿ ಉಳದು ನಡುವ ಮಾತ್ರ ಹಳದಿನೋ? ಎಲಿ ಅಂಚು ಸುಟ್ಟಂಗ ಐತೇನು? ಹದಿನಾಲ್ಕೂ ಗಿಡ ಒಂದ ಥರ ಅದಾವೋ, ಒಂದು ಕಡಿ ಜಾಸ್ತಿ ಒಂದು ಕಡಿ ಕಮ್ಮಿನೋ? ದಾಸಾಳದ ಬುಡದಾಗ ಬಟ್ಟು ಇಟ್ಟು ನೋಡು, ಎಷ್ಟು ಆಳಕ್ಕ ಹಸಿ ಐತಿ ಅಂತ. ಒಂದೊಂದು ಗಿಡಕ್ಕ ಬ್ಯಾರೆ ಬ್ಯಾರೆ ಉತ್ತರ ಬರಿ.

ಜಲನಗರ ಅಂಗಳ · ಸೆಪ್ಟೆಂಬರ್ 14

ಮಾಸ್ತರ್ರ, ನೀವು ಹೇಳಿದಂಗ ಮಣಿ ಹಾಕ್ಕೊಂಡು ಕೂತು ನೋಡಿದೆ. ಎರಡು ವರ್ಷ ನೀರು ಹಾಕೀನಿ, ಹಿಂಗ ಒಂದು ದಿನಾನೂ ನೋಡಿರಲಿಲ್ಲ.

ಇಕ್ಸೋರಾ: ಕೆಳಗಿನ ಎಲಿ ಕಡು ಹಸಿರಾಗೇ ಅದಾವು. ತುದೀದ ಹೊಸ ಎಲಿ ಹಳದಿ, ಎರಡು ಗಿಡದಾಗ ಬೆಣ್ಣಿಯಂಗ ಬೆಳ್ಳಗಾಗ್ಯಾವು. ಒಂದು ಎಲಿ ಕಿತ್ತು ಬಿಸಲಿಗೆ ಹಿಡದೆ. ನಡುವಿನ ನರ, ಅದರಿಂದ ಹೊಂಟ ಸಣ್ಣ ನರ ಎಲ್ಲಾ ಹಸಿರು, ಮೀನಿನ ಎಲುಬಿನಂಗ ಎದ್ದು ಕಾಣಸ್ತಾವು. ನಡುವ ಹಳದಿ. ಗೇಟಿನ ಕಡೀದ ಐದು ಗಿಡ ತಕ್ಕಮಟ್ಟಿಗೆ ಅದಾವು, ಹಿತ್ತಲ ಕಡಿ ಹೊಂಟಂಗ ಜಾಸ್ತಿ ಹಳದಿ.

ದಾಸಾಳ: ಹೊಸದು ಹಳೇದು ಅಂತ ಇಲ್ಲ, ಪೂರಾ ಎಲಿ ಹಳದಿ ಆಗಿ, ಮೆತ್ತಗಾಗಿ, ಮುಟ್ಟಿದರ ಕಳಚತೈತಿ. ಕೆಲವು ಅಂಚಿನಾಗ ಸುಟ್ಟಂಗ ಕಂದು ಬಣ್ಣ. ಬುಡದಾಗ ಬಟ್ಟು ಪೂರಾ ಇಳೀತು, ಅಂಟು ಅಂಟು ಹಸಿ. ಎರಡು ದಿನದಿಂದ ನಾ ನೀರ ಹಾಕಿಲ್ಲ, ಮಳೀನೂ ಇಲ್ಲ.

ನಂದಿಬಟ್ಟಲ: ಒಳಗಿನ ಹಳೇ ಎಲಿ ಅಷ್ಟ ಹಳದಿ. ತುದಿ ಹಸಿರು, ಮೊಗ್ಗೂ ಅದಾವು.

ಮಣ್ಣಿನ ಮಾಸ್ತರ · ಸೆಪ್ಟೆಂಬರ್ 14

ನೋಡು, ಮೂರು ಗಿಡ, ಮೂರು ಬ್ಯಾರೆ ಮಾತು.

ನಂದಿಬಟ್ಟಲಕ್ಕ ಏನೂ ಆಗಿಲ್ಲ. ನಿತ್ಯಹಸಿರು ಅಂದ್ರ ಎಲಿ ಉದುರಸೂದ ಇಲ್ಲ ಅಂತಲ್ಲ, ಒಮ್ಮೆಲೇ ಬೋಳಾಗೂದಿಲ್ಲ ಅಂತ. ಒಂದು ಎಲಿ ಒಂದೆರಡು ವರ್ಷ ಬಾಳಿ, ಒಳಗ ಬೆಳಕು ಕಮ್ಮಿ ಆದ ಮ್ಯಾಲೆ ಉದುರತೈತಿ. ತುದಿ ಹಸಿರಿದ್ದು, ಒಳಗಿನ ಹಳೇವು ಅಷ್ಟ ಬಿದ್ದರ ಚಿಂತಿ ಬ್ಯಾಡ.

ಇಕ್ಸೋರಾಕ್ಕ ಕಬ್ಬಿಣ ಸಿಗವಲ್ದು. ಮುಧೋಳದವರು ಹೇಳಿದ್ದು ಖರೆ. ಯಾಕ ಅಂತ ತಿಳಕೋಬೇಕು. ಸಾರಜನಕ, ಮೆಗ್ನೀಸಿಯಂ ಕಮ್ಮಿ ಆದರ ಗಿಡ ಹಳೇ ಎಲಿಯೊಳಗಿಂದು ತಗೊಂಡು ಹೊಸ ಎಲಿಗೆ ಕಳಸತೈತಿ, ಹಂಗಾಗಿ ಹಳೇ ಎಲಿ ಮೊದಲ ಹಳದಿ. ಕಬ್ಬಿಣ ಹಂಗ ಸರದಾಡೂದಿಲ್ಲ, ಒಮ್ಮೆ ಎಲಿಯೊಳಗ ಕೂತರ ಅಲ್ಲೇ ಕೂತ್ಕೋತೈತಿ. ಅದಕ್ಕ ಕಬ್ಬಿಣದ ಕೊರತಿ ಹೊಸ ಎಲಿಯೊಳಗ ತೋರತೈತಿ. ನೀ ಹಾಕಿದ ಯೂರಿಯಾ, ಎಪ್ಸಮ್ ಉಪ್ಪು ಎರಡೂ ಹಳೇ ಎಲಿಯ ಔಷಧ. ಗಿಡ ಕೇಳಿದ್ದು ಅದನ್ನಲ್ಲ.

ಹಂಗಂತ ನಿಮ್ಮ ಮಣ್ಣಿನಾಗ ಕಬ್ಬಿಣ ಇಲ್ಲ ಅನಬ್ಯಾಡ. ನಮ್ಮ ಎರಿ ಹುಟ್ಟಿದ್ದೇ ಕರಿ ಕಲ್ಲಿನಿಂದ, ಆ ಕಲ್ಲಿನಾಗ ಕಬ್ಬಿಣ ಬೇಕಾದಷ್ಟು ಐತಿ. ಹಗೇವಿನ ತುಂಬ ಜ್ವಾಳ ಐತಿ, ಬಾಯಿ ಮುಚ್ಚೈತಿ, ಅಷ್ಟ. ಮುಚ್ಚಿದ್ದು ಸುಣ್ಣ. ಮಣ್ಣಿನ ಪಿಎಚ್ (ಹುಳಿ, ಕ್ಷಾರ ಅಳಿಯೂ ಅಂಕಿ; 7ರ ಮ್ಯಾಲೆ ಕ್ಷಾರ) ಒಂದು ಅಂಕಿ ಏರಿದರ ನೀರಿನಾಗ ಕರಗೂ ಕಬ್ಬಿಣ ಸುಮಾರು ಸಾವಿರ ಪಟ್ಟು ಕಮ್ಮಿ ಆಗತೈತಿ. ಮ್ಯಾಲೆ ಮಳಿಗಾಲ. ಎರಿ ತೊಯ್ದು ಬಿಗದಾಗ ಒಳಗ ಗಾಳಿ ಆಡೂದಿಲ್ಲ, ಬೇರು ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಂತು, ನೀರು ಮತ್ತ ಸುಣ್ಣದ ಜೋಡಿ ಕೂಡಿ ಬೈಕಾರ್ಬೋನೇಟ್ ಆಗತೈತಿ. ಅದು ಬೇರಿಗೆ ಕಬ್ಬಿಣ ತಗೊಳ್ಳಾಕ ಬಿಡೂದಿಲ್ಲ. ಅದಕ್ಕ ನಿಂದು ಆಗಸ್ಟ್‌ದಾಗ ಶುರು ಆತು. ಬೂದಿ ಕ್ಷಾರ, ಅದು ಪಿಎಚ್ ಏರಿಸಿತು. ಡಿಎಪಿಯ ರಂಜಕ ಇದ್ದ ಕಬ್ಬಿಣವನ್ನೂ ಕಟ್ಟಿ ಹಾಕತೈತಿ.

ದಾಸಾಳದ್ದು ಬೇರಿನ ಕಥಿ. ಅಗದು ನೋಡದ ಏನೂ ಹೇಳೂದಿಲ್ಲ.

ಇಂಡಿ ಲಿಂಬಿ · ಸೆಪ್ಟೆಂಬರ್ 15

ಅಕ್ಕಾರ, ಮಣ್ಣಿನಾಗ ಸುಣ್ಣ ಐತೋ ಇಲ್ಲೋ ಅಂತ ನಮ್ಮಪ್ಪ ನೋಡತಿದ್ದ ರೀತಿ ಹೇಳತೀನಿ. ಗಿಡದ ಬುಡದಿಂದ ಒಂದು ಗೇಣು ಆಳದ ಒಣ ಮಣ್ಣು ಒಂದು ಚಮಚ ತಗೊಂಡು, ಹೆಂಟಿ ಒಡದು, ಅದರ ಮ್ಯಾಲೆ ಅರ್ಧ ಲಿಂಬಿಹಣ್ಣು ಹಿಂಡ್ರಿ. ಕಿವಿ ಹತ್ರ ಹಿಡೀರಿ. ಬುರುಗು ಬಂದು ಚುರ್ ಅಂದ್ರ ಸುಣ್ಣ ಬಾಳ ಐತಿ. ಗ್ವಾಡಿ ಹತ್ರದ್ದು, ಗೇಟಿನ ಹತ್ರದ್ದು ಬ್ಯಾರೆ ಬ್ಯಾರೆ ನೋಡ್ರಿ.

ನಮ್ಮ ಲಿಂಬಿ ತ್ವಾಟದಾಗೂ ಸುಣ್ಣದ ಕಲ್ಲು ಜಾಸ್ತಿ ಇದ್ದ ಕಡಿ ಎಲಿ ಸಣ್ಣ ಆಗಿ, ನರದ ನಡುವ ಹಳದಿ ಬರತೈತಿ. ಅಲ್ಲಿ ಕಬ್ಬಿಣದ ಜೋಡಿ ಸತುವಿನ ಕೊರತಿನೂ ಇರತೈತಿ.

ಜಲನಗರ ಅಂಗಳ · ಸೆಪ್ಟೆಂಬರ್ 17

ಗೇಟಿನ ಹತ್ರದ ಮಣ್ಣು: ಸಣ್ಣಗ ಗುಳ್ಳಿ ಎದ್ದು ಸುಮ್ಮನಾತು. ಹಿತ್ತಲ ಕಡೀದ ಗ್ವಾಡಿ ಹತ್ರದ್ದು: ಲಿಂಬಿ ಬಿದ್ದ ಕೂಡಲೇ ಸೋಡಾ ಬಾಟಲಿ ತೆಗೆದಂಗ ಬುರುಗು ಬಂತು.

ಯಾಕ ಇಷ್ಟು ಫರಕು ಅಂತ ಅಲ್ಲೇ ಸಲಿಕಿ ಹಾಕಿದೆ. ಅರ್ಧ ಅಡಿ ಎರಿ ಮಣ್ಣು. ಅದರ ಕೆಳಗ ಪ್ಲಾಸ್ಟರ್ ತುಂಡು, ಗಟ್ಟಿ ಆದ ಸಿಮೆಂಟಿನ ಹೆಂಟಿ, ಸುಣ್ಣದ ಪುಡಿ, ಒಡದ ಟೈಲ್ಸ್. ಮನಿ ಕಟ್ಟಿದ ಗುತ್ತಿಗೆದಾರರು ಉಳದ ಮಾಲೆಲ್ಲಾ ಗ್ವಾಡಿಗುಂಟ ಹುಗದು, ಮ್ಯಾಲೆ ಮಣ್ಣು ಎಳದು, "ಗಿಡ ಹಚ್ಚಾಕ ಜಾಗಾ ತಯಾರು ಮಾಡೀವ್ರಿ" ಅಂತ ಹೇಳಿ ಹೋಗಿದ್ದರು. ನೋಡಿ ಕಣ್ಣಾಗ ನೀರು ಬಂತ್ರಿ. ಎರಡು ವರ್ಷ ಆ ಗಿಡ ಸಿಮೆಂಟಿನ ಮ್ಯಾಲೆ ಬದುಕ್ಯಾವು.

ನವನಗರ ನರ್ಸರಿ, ಬಾಗಲಕೋಟೆ · ಸೆಪ್ಟೆಂಬರ್ 17

ಅಕ್ಕಾರ, ಹೊಸ ಲೇಔಟಿನ ಮನಿಯೊಳಗ ಇದು ಬಾಳ ಸಾಮಾನ್ಯ. ನಮ್ಮ ನವನಗರದಾಗೂ ಗಿಡ ಹಚ್ಚಾಕ ಕರದಲ್ಲಿ ನಾ ಮೊದಲ ಗ್ವಾಡಿ ಬುಡಕ್ಕ ಹಾರಿ ಹಾಕಿ ನೋಡತೀನಿ, ಟಣ್ ಅಂದ್ರ ಅಲ್ಲಿ ಹಚ್ಚೂದಿಲ್ಲ.

ಒಂದು ಗಿಡದ ಬುಡದ ಗಡ್ಡಿ ಬಿಡಿಸಿ ನೋಡ್ರಿ. ಆಂಧ್ರದ ನರ್ಸರಿ ಊರು ಕಡಿಯಂ ಕಡಿಯಿಂದ ಬರೂ ಗಿಡದ ಬೇರಿಗೆ ಕೆಂಪು ಜಿಗಟು ಮಣ್ಣಿನ ಉಂಡಿ ಕಟ್ಟಿರತಾರ. ಅದನ್ನ ಹಂಗ ಎರಿಯೊಳಗ ಇಟ್ಟರ ಎರಿ ಬಿರುಕು ಬಿಟ್ಟಾಗ ಉಂಡಿ ಸುತ್ತ ಸಂದಿ ಬೀಳತೈತಿ, ಬೇರು ಹೊರಗ ಬರದ ಒಳಗಿಂದೊಳಗ ಸುತ್ತತೈತಿ.

ಕಬ್ಬಿಣದ ಬಗ್ಗೆ. ಕಬ್ಬಿಣ ಮಣ್ಣಿನಾಗ ಕಟ್ಟಿಕೊಳ್ಳದಂಗ ಹಿಡದಿಡೂ ಪದಾರ್ಥಕ್ಕ ಚಿಲೇಟ್ ಅಂತಾರ. ಅಂಗಡ್ಯಾಗ ಕಬ್ಬಿಣದ ಚಿಲೇಟ್ ಅಂದ್ರ ಕಣ್ಣು ಮುಚ್ಚಿ ಇಡಿಟಿಎ ಅನ್ನೂ ಥರದ್ದು ಕೊಡತಾರ. ಅದು ಪಿಎಚ್ 6.5ರ ತನಕ ಗಟ್ಟಿ. ನಮ್ಮ ಮಣ್ಣಿಗೆ ಹಾಕಿದರ ಅದರೊಳಗಿನ ಕಬ್ಬಿಣ ಬಿಟ್ಟುಕೊಟ್ಟು ಸುಣ್ಣದ ಕ್ಯಾಲ್ಸಿಯಂ ಹಿಡಕೋತೈತಿ, ರೊಕ್ಕ ಮಣ್ಣು ಪಾಲು. ಮಣ್ಣಿಗೆ ಹಾಕೂದಿದ್ದರ ಇಡಿಡಿಎಚ್‌ಎ ಅಂತ ಪ್ಯಾಕೆಟ್ ಮ್ಯಾಲೆ ಬರದಿರಬೇಕು. ನೀರಿಗೆ ಹಾಕಿದರ ಕಡು ಕೆಂಪು ಬಣ್ಣ ಬಿಡತೈತಿ. ತುಟ್ಟಿ ಆಗತೈತಿ, ಆದರ ಕ್ಷಾರ ಮಣ್ಣಿನಾಗ ನಿಲ್ಲೂದು ಅದ. ಬಿಸಲು ಬಿದ್ದರ ಕೆಡತೈತಿ, ಸಂಜೀಮುಂದ ಬುಡಕ್ಕ ಹಾಕಿ ಮ್ಯಾಲೆ ಮಣ್ಣು ಎಳೀರಿ.

ಟಿಳಕವಾಡಿ ಟೆರೇಸ್ · ಸೆಪ್ಟೆಂಬರ್ 18

ಅಕ್ಕಾ, ನಾ ಹೇಳಿದ್ದು ವಾಪಸ್ ತಗೋತೀನಿ. ಓದಿದ ಮ್ಯಾಲೆ ನಮ್ಮ ಮಣ್ಣಿಗೂ ಲಿಂಬಿ ಹಿಂಡಿ ನೋಡಿದೆ, ಒಂದು ಗುಳ್ಳಿನೂ ಬರಲಿಲ್ಲ. ನಮ್ಮ ತೊಟ್ಟಿಗೆ ಖಾನಾಪುರ ಕಡೀದ ಕೆಂಪು ಮಣ್ಣು ತರಿಸಿದ್ದು. ಇಕ್ಸೋರಾ ಅಂದ್ರ ಕೇಪಳ, ಘಟ್ಟದ ಕೆಂಪು ಮಣ್ಣಿನಾಗ ತಾನ ಬೆಳಿಯೂ ಗಿಡ. ನಮ್ಮಲ್ಲಿ ಏನೂ ಮಾಡದ ಬೆಳದದ್ದು ನನ್ನ ಶ್ಯಾಣ್ಯಾತನ ಅಲ್ಲ, ಮಣ್ಣಿನ ಗುಣ. ನೀರು ಜಾಸ್ತಿ ಬಿಡ್ರಿ ಅಂದಿದ್ದು ದೊಡ್ಡ ತಪ್ಪು, ಬಿಡಬ್ಯಾಡ್ರಿ.

ಮುಧೋಳ ಕಬ್ಬು · ಸೆಪ್ಟೆಂಬರ್ 18

ಇಷ್ಟೆಲ್ಲಾ ಯಾಕ್ರಿ? ಗಂಧಕ ಹಾಕಿದರ ಸುಣ್ಣ ಕರಗತೈತಿ. ನಾವು ಹೊಲಕ್ಕ ಹಾಕತೀವಿ.

ಮಣ್ಣಿನ ಮಾಸ್ತರ · ಸೆಪ್ಟೆಂಬರ್ 19

ಗಂಧಕ ಬ್ಯಾಡ ಅನ್ನೂದಿಲ್ಲ, ಲೆಕ್ಕ ಮಾಡೋಣು. ಒಂದು ಚದರ ಮೀಟರ್ ಜಾಗಾ, ಒಂದು ಅಡಿ ಆಳ, ಸುಮಾರು 360 ಕಿಲೋ ಮಣ್ಣು. ಅದರಾಗ ನೂರಕ್ಕ 10 ಸುಣ್ಣ ಇದ್ದರ 36 ಕಿಲೋ ಸುಣ್ಣ. 100 ಕಿಲೋ ಸುಣ್ಣ ಕರಗಸಾಕ 32 ಕಿಲೋ ಗಂಧಕ ಬೇಕು. ಅಂದ್ರ ಒಂದು ಚದರ ಮೀಟರ್‌ಗೆ ಹನ್ನೊಂದು ಹನ್ನೆರಡು ಕಿಲೋ. ಅಷ್ಟು ಹಾಕಿದರ ಗಿಡ ಉಳಿಯೂದಿಲ್ಲ. ಹೊಲದಾಗ ನೀವು ಹಾಕೂ ಗಂಧಕ ಬೆಳಿಗೆ ಪೋಷಕಾಂಶ ಆಗಿ ಕೆಲಸ ಮಾಡತೈತಿ, ಬೇರಿನ ಸುತ್ತ ಸ್ವಲ್ಪ ಹುಳಿ ಮಾಡತೈತಿ. ಪೂರಾ ಮಣ್ಣಿನ ಗುಣ ಬದಲಾಗೂದಿಲ್ಲ.

ಸಿಮೆಂಟು ಹುಗದ ಕಡಿ ಔಷಧ ಇಲ್ಲ ತಂಗೆಮ್ಮಾ. ತೆಗೀಬೇಕು.

ಔಷಧಕ್ಕ ರೊಕ್ಕ ಹಾಕೂಕಿಂತ ಮೊದಲ ಒಂದು ಪರೀಕ್ಷೆ ಮಾಡು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಲಿಂಬಿ ಉಪ್ಪು (ಸಿಟ್ರಿಕ್ ಆಮ್ಲ). ಬೋರ್ ನೀರು ಬ್ಯಾಡ, ಮಳಿ ನೀರು ಇಲ್ಲಾ ಎಸಿಯಿಂದ ಬಿದ್ದ ನೀರು ತಗೋ. ತಿಳಿ ಹಸಿರು ಬಣ್ಣ ಇರಬೇಕು, ತುಕ್ಕಿನ ಬಣ್ಣಕ್ಕ ತಿರುಗಿದ್ದರ ಚೆಲ್ಲು, ಅದರಾಗ ಸತ್ವ ಇಲ್ಲ. ಸಂಜೀಮುಂದ ಒಂದು ಕೊಂಬಿಯ ಹಳದಿ ಎಲಿಯ ಅರ್ಧ ಭಾಗಕ್ಕ ಮಾತ್ರ ಬ್ರಶ್‌ದಿಂದ ಹಚ್ಚು. ಇನ್ನರ್ಧ ಹಂಗ ಬಿಡು. ಆ ಕೊಂಬಿಗೆ ಒಂದು ದಾರ ಕಟ್ಟು. ಹತ್ತು ದಿನ ಬಿಟ್ಟು ಬಂದು ಹೇಳು. ಫರಸಿ ಮ್ಯಾಲೆ, ಗ್ವಾಡಿ ಮ್ಯಾಲೆ ಬೀಳಿಸಬ್ಯಾಡ, ತುಕ್ಕಿನ ಕಲಿ ಹೋಗೂದಿಲ್ಲ.

ಜಲನಗರ ಅಂಗಳ · ಸೆಪ್ಟೆಂಬರ್ 21

ದಾರ ಕಟ್ಟೀನಿ. ಇವತ್ತು ದಾಸಾಳದ ಸುದ್ದಿ.

ಮೂಲ್ಯಾಗ ಅಗದೆ. ಒಂದು ಅಡಿ ಕೆಳಗ ಮಣ್ಣು ಕರಿ ನೀಲಿ ಆಗಿ ಗಟಾರದ ವಾಸನಿ. ಒಂದು ಬೇರು ಬಟ್ಟಿನಾಗ ಹಿಡದು ಎಳದರ ಮ್ಯಾಲಿನ ತೊಗಟಿ ಚೀಲದಂಗ ಕೈಗೆ ಬಂತು, ಒಳಗ ದಾರದಂಗ ಬಿಳಿ ಎಳಿ ಉಳೀತು. ಒಂದು ಗಿಡದ್ದು ಮುಕ್ಕಾಲು ಬೇರು ಹಂಗ ಆಗೇತಿ. ಇನ್ನೊಂದರಾಗ ಗ್ವಾಡಿ ವಿರುದ್ಧ ಕಡಿ ಬಿಳಿ ಬೇರು ಇನ್ನೂ ಅದಾವು.

ನೀರು ಎಲ್ಲಿಂದ ಬರತೈತಿ ಅಂತ ಹುಡಿಕಿದೆ. ಅಡಗಿ ಮನಿಯ ಆರ್‌ಓ ಮಷಿನ್‌ದಿಂದ ಹೊರಗ ಹೋಗೂ ನೀರು ಹಾಳು ಆಗಬಾರದು ಅಂತ ಜೂನ್‌ದಾಗ ನಮ್ಮ ಮನಿಯವರು ಪೈಪ್ ಎಳದು ಆ ಮೂಲಿಗೆ ಬಿಟ್ಟಾರ. ನನಗ ಗೊತ್ತಿತ್ತು, ಗಿಡಕ್ಕ ಛಲೋ ಆತು ಅಂತ ನಾನೂ ಸಂತೋಷ ಪಟ್ಟಿದ್ದೆ.

ಮಣ್ಣಿನ ಮಾಸ್ತರ · ಸೆಪ್ಟೆಂಬರ್ 21

ಆ ನೀರಿನಾಗ ಬೋರ್ ನೀರಿನ ಉಪ್ಪೆಲ್ಲಾ ಇನ್ನಷ್ಟು ಗಟ್ಟಿ ಆಗಿರತೈತಿ. ನಿಂತ ನೀರಿಗೆ ಬೇರು ಕೊಳೀತು, ಉಪ್ಪಿಗೆ ಎಲಿ ಅಂಚು ಸುಟ್ಟಿತು. ಬೇರು ಸತ್ತ ಗಿಡ ನೀರಿನಾಗ ನಿಂತಿದ್ದರೂ ಬಾಯಾರಿ ಬಾಡತೈತಿ. ಮಂದಿ ಬಾಡೇತಿ ಅಂತ ಮತ್ತ ನೀರು ಹಾಕತಾರ. ಆ ಪೈಪ್ ಇವತ್ತ ತೆಗಿ, ಆ ನೀರು ಫರಸಿ ತೊಳಿಯಾಕ ಬಳಸು.

ನವನಗರ ನರ್ಸರಿ · ಸೆಪ್ಟೆಂಬರ್ 21

ಅಕ್ಕಾರ, ಎರಡೂ ದಾಸಾಳದಿಂದ ಇವತ್ತ ಕಡ್ಡಿ ತಗೋರಿ, ನಾಳೆ ಅನಬ್ಯಾಡ್ರಿ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಎಳೇದೂ ಅಲ್ಲ ಬಲತದ್ದೂ ಅಲ್ಲ. ಕೆಳಗಿನ ಎಲಿ ತೆಗದು, ಮ್ಯಾಲೆ ಎರಡು ಬಿಟ್ಟು, ಮರಳು ಮತ್ತ ಎರೆಹುಳು ಗೊಬ್ಬರ ಕೂಡಿಸಿದ ಚೀಲದಾಗ ಊರಿ ನೆರಳಿಗೆ ಇಡ್ರಿ. ಎಂಟು ಹತ್ತು ಕಡ್ಡಿ ಊರ್ರಿ, ನಾಲ್ಕಾದರೂ ಹತ್ತತಾವು. ತಾಯಿ ಗಿಡ ಉಳೀತೋ ಇಲ್ಲೋ, ಅವ್ವನ ದಾಸಾಳ ಉಳೀತೈತಿ.

ಛಲೋ ಬೇರಿದ್ದ ಗಿಡವನ್ನ ಅಲ್ಲಿಂದ ಎತ್ತಿ, ಕೊಳತ ಬೇರು ಕತ್ತರಿಸಿ, ಮ್ಯಾಲಿನ ಕೊಂಬಿನೂ ಮೂರನೇ ಒಂದು ಭಾಗ ಸವರಿ, ಒಂದೂವರಿ ಅಡಿ ಎತ್ತರದ ಏರಿ ಮಾಡಿ ಹಚ್ಚ್ರಿ. ಮಸಾರಿ (ಕೆಂಪು) ಮಣ್ಣು, ಹಳೇ ಸಗಣಿ ಗೊಬ್ಬರ ಸಮ ಸಮ. ಎರಿಯೊಳಗ ತೆಗ್ಗು ತೋಡಿ ಛಲೋ ಮಣ್ಣು ತುಂಬಿದರ ಅದು ಬಾವಿ ಆಗತೈತಿ, ಸುತ್ತಿನ ನೀರೆಲ್ಲಾ ಅಲ್ಲಿಗೇ ಬಂದು ನಿಲ್ಲತೈತಿ. ಹಂಗಾಗಿ ತೆಗ್ಗು ಬ್ಯಾಡ, ಏರಿ.

ಜಮಖಂಡಿ ಮನಿ · ಸೆಪ್ಟೆಂಬರ್ 25

ನಡುವ ಬಾಯಿ ಹಾಕತೀನಿ, ಕ್ಷಮಿಸ್ರಿ. ನಮ್ಮ ಮಧುರಕಾಮಿನಿ ಬೇಲಿ ಬ್ಯಾಸಿಗ್ಯಾಗ, ಏಪ್ರಿಲ್ ಹೊತ್ತಿಗೆ, ಎಲಿ ತುಂಬ ಸೂಜಿ ಚುಚ್ಚಿದಂಗ ಸಣ್ಣ ಬಿಳಿ ಚುಕ್ಕಿ ಬಂದು ಹಳದಿ ಆಗಿ ಉದುರಿತ್ತು. ಇದೂ ಕಬ್ಬಿಣದ್ದ ಏನು?

ಇಂಡಿ ಲಿಂಬಿ · ಸೆಪ್ಟೆಂಬರ್ 25

ಅಲ್ರಿ, ಅದು ನುಸಿ. ಒಣ ಬಿಸಲಿಗೆ ಬರತೈತಿ. ಮುಂದಿನ ಸಲ ಎಲಿ ಕೆಳಗ ಬಿಳಿ ಹಾಳಿ ಹಿಡದು ಕೊಂಬಿ ತಟ್ಟ್ರಿ, ಬಿದ್ದ ಚುಕ್ಕಿ ಹರದಾಡಿದರ ನುಸಿ ಖರೆ. ಪೈಪ್‌ದಿಂದ ಎಲಿಯ ಕೆಳಗಿನ ಮಗ್ಗಲಿಗೆ ಜೋರು ನೀರು ಹೊಡೀರಿ, ನಾಲ್ಕು ದಿನಕ್ಕೊಮ್ಮೆ. ಜಾಸ್ತಿ ಇದ್ದರ ಸಂಜೀಕ ಲೀಟರ್‌ಗೆ 5 ಮಿಲಿ ಬೇವಿನೆಣ್ಣಿ, ಸ್ವಲ್ಪ ಸಾಬೂನು ನೀರು ಕೂಡಿಸಿ ಸಿಂಪಡಿಸ್ರಿ.

ಜಲನಗರ ಅಂಗಳ · ಅಕ್ಟೋಬರ್ 1

ಮಾಸ್ತರ್ರ! ದಾರ ಕಟ್ಟಿದ ಕೊಂಬಿ ನೋಡಿದೆ. ಒಂದ ಎಲಿ, ನಡುವಿನ ನರದ ಈ ಕಡಿ ಹಳದಿ, ಆ ಕಡಿ ಹಸಿರು. ಬ್ರಶ್ ತಾಗಿದ ಕಡಿ ಹಸಿರು ಚುಕ್ಕಿ ಚುಕ್ಕಿ ಆಗಿ ಎದ್ದೈತಿ, ಎಲ್ಲಿ ಬ್ರಶ್ ಜಾರಿತ್ತೋ ಅಲ್ಲಿ ಒಂದು ಹಳದಿ ಗೆರಿ ಹಂಗ ಉಳದೈತಿ. ನಮ್ಮ ಮನಿಯವರನ್ನ, ಬಾಜೂ ಮನಿಯವರನ್ನ ಎಲ್ಲಾರನ್ನೂ ಕರದು ತೋರಿಸೀನಿ.

ಮಣ್ಣಿನ ಮಾಸ್ತರ · ಅಕ್ಟೋಬರ್ 1

ಇನ್ನ ಸಂಶಯ ಉಳೀಲಿಲ್ಲ. ಮ್ಯಾಂಗನೀಸ್ ಕೊರತಿನೂ ಹೊಸ ಎಲಿಯೊಳಗ ಹಿಂಗ ಕಾಣತೈತಿ, ಅದಕ್ಕ ಈ ಪರೀಕ್ಷೆ ಹೇಳಿದ್ದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಮೂರು ಸಲ ಅದ ದ್ರಾವಣ ಸಿಂಪಡಿಸು. ಇದು ತಾತ್ಕಾಲಿಕ. ಕಾಯಂ ಆಗಬೇಕಂದ್ರ ಬುಡಕ್ಕ ಇಡಿಡಿಎಚ್‌ಎ, ಪ್ಯಾಕೆಟ್ ಮ್ಯಾಲಿನ ಪ್ರಮಾಣ ಮೀರದಂಗ. ನಡುವ ಮಣ್ಣು ಆರಾಕ ಬಿಡು. ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗಿ ಮಣ್ಣು ಕೊಟ್ಟು ಬಾ, ಗೇಟಿನ ಕಡೀದು ಹಿತ್ತಲ ಕಡೀದು ಎರಡು ಚೀಲ, ಒಂದರಾಗ ಕೂಡಿಸಬ್ಯಾಡ.

ಮುಧೋಳ ಕಬ್ಬು · ಅಕ್ಟೋಬರ್ 2

ಅಕ್ಕಾರ, ನನ್ನ ಮಾತು ಕಟು ಅನಿಸಿದರ ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಕಡೀದ ಡೋಣಿ ಹೊಳಿ ಬಗ್ಗೆ, ಡೋಣಿ ಹರಿದ್ರ ಓಣಿ ತುಂಬ ಜ್ವಾಳ ಅಂತಾರ. ಆ ಮಣ್ಣು ಜ್ವಾಳಕ್ಕ ಹುಟ್ಟಿದ್ದು, ಕೇಪಳಕ್ಕಲ್ಲ. ಹಿತ್ತಲ ಕಡೀದು ಕಿತ್ತು ಕಣಗಿಲ ಹಚ್ಚ್ರಿ. ಸುಣ್ಣಾನೂ ತಡೀತೈತಿ, ಬಿಸಲೂ ತಡೀತೈತಿ. ಮನ್ಯಾಗ ಸಣ್ಣ ಹುಡುಗರು, ದನ ಇದ್ದರ ಮಾತ್ರ ಬ್ಯಾಡ, ಅದರ ಎಲಿ ಹೂವು ಎಲ್ಲಾ ವಿಷ.

ನವನಗರ ನರ್ಸರಿ · ಅಕ್ಟೋಬರ್ 2

ಗಿಡ ಮಾರೂ ಮನಷ್ಯಾ ಆಗಿನೂ ನಾ ಇದಕ್ಕ ಒಪ್ಪತೀನಿ. ಎಲ್ಲಾ ಕೀಳಬ್ಯಾಡ್ರಿ, ಸಿಮೆಂಟಿನ ಮ್ಯಾಲೆ ಕೂತವನ್ನ ಅಷ್ಟ. ಪ್ರತಿ ವರ್ಷ ತುಟ್ಟಿ ಕಬ್ಬಿಣ ಹಾಕಿ ಒಂದು ಗಿಡ ಉಳಸೂದು ನಿಮಗೂ ಕಷ್ಟ, ಗಿಡಕ್ಕೂ ಕಷ್ಟ.

ಜಲನಗರ ಅಂಗಳ · ನವೆಂಬರ್ 23

ಎಲ್ಲಾರಿಗೂ ಸುದ್ದಿ ಕೊಡಬೇಕಿತ್ತು.

ಮಣ್ಣಿನ ವರದಿ ಬಂತು. ಗೇಟಿನ ಕಡಿ ಪಿಎಚ್ 8.1, ಹಿತ್ತಲ ಗ್ವಾಡಿ ಕಡಿ 8.9. ಗ್ವಾಡಿ ಕಡಿ ಗಿಡಕ್ಕ ಸಿಗೂ ಕಬ್ಬಿಣ 2.8 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿನಾಗ 2.8 ಪಾಲು), ಇರಬೇಕಾದ್ದು 4.5ರ ಮ್ಯಾಲೆ ಅಂತ ಹೇಳಿದರು. ರಂಜಕ ಬೇಕಾದ್ದಕ್ಕಿಂತ ಜಾಸ್ತಿ, ಅದು ನನ್ನ ಕೈಯಿಂದ ಹಾಕಿದ್ದು.

ಇಕ್ಸೋರಾ ಹದಿನಾಲ್ಕರಾಗ ಒಂಬತ್ತು ತುದಿ ತನಕ ಹಸಿರು ಆಗ್ಯಾವು. ಮೊದಲ ಬೆಳ್ಳಗಾಗಿದ್ದ ಎಲಿ ಹಸಿರು ಆಗಲಿಲ್ಲ, ಉದುರಿದುವು, ಅದರ ಮ್ಯಾಲೆ ಬಂದ ಚಿಗುರು ಛಲೋ ಐತಿ. ಕೊನೀದ ಐದು ಕಿತ್ತೆ. ಕೀಳೂವಾಗ ನರ್ಸರಿಯಣ್ಣಾರು ಹೇಳಿದ ಕೆಂಪು ಉಂಡಿ ಮೂರರಾಗ ಹಂಗ ಇತ್ತು, ಬೇರು ಸಿಂಬಿ ಸುತ್ತಿದಂಗ ಸುತ್ತಿತ್ತು. ಅಲ್ಲಿಂದ ಎರಡು ಟ್ರ್ಯಾಕ್ಟರ್ ಸಿಮೆಂಟಿನ ಮಾಲು ಹೊರಗ ಹೋತು. ಮೊಮ್ಮಗ ಅಂಬೆಗಾಲು ಇಡತಾನ, ಅದಕ್ಕ ಕಣಗಿಲ ಹಚ್ಚಲಿಲ್ಲ, ನಂದಿಬಟ್ಟಲ ಹಚ್ಚೀನಿ, ಏರಿ ಮಾಡಿ.

ಒಂದು ದಾಸಾಳ ಹೋತ್ರಿ. ಎತ್ತಿ ಹಚ್ಚಿದ ಇನ್ನೊಂದು ಗಿಡ ಒಂದು ತಿಂಗಳು ಬರೇ ಕಡ್ಡಿ ಆಗಿ ನಿಂತಿತ್ತು, ಉಗುರಿನಿಂದ ಕೆರದು ನೋಡಿದರ ಒಳಗ ಹಸಿರಿತ್ತು ಅಂತ ಕಾದೆ. ದೀಪಾವಳಿ ಹೊತ್ತಿಗೆ ಮೂರು ಕಡಿ ಚಿಗುರಿತು. ಊರಿದ ಹತ್ತು ಕಡ್ಡಿಯೊಳಗ ಆರು ಹತ್ತ್ಯಾವು. ಎರಡು ಅಕ್ಕನ ಮನಿಗೆ, ಒಂದು ಬಾಗಲಕೋಟಿಗೆ ತಮ್ಮನ ಮನಿಗೆ ಕೊಡತೀನಿ. ಹೋದ ಗಿಡದ ಕಡ್ಡಿ ಯಾವುವು, ಉಳದದ್ದರ ಕಡ್ಡಿ ಯಾವುವು ಅಂತ ಚೀಲದ ಮ್ಯಾಲೆ ಬರದು ಇಟ್ಟೀನಿ.

ಮಣ್ಣಿನ ಮಾಸ್ತರ · ನವೆಂಬರ್ 23

ತಮ್ಮನ ಮನಿ ಮಣ್ಣಿಗೆ ಮೊದಲ ಲಿಂಬಿ ಹಿಂಡಾಕ ಹೇಳು.